ನಮ್ಮ ಮಾಡಿನ ನೀರು ಯಾರ ಅಂಗಳಕ್ಕೆ?

ಓದುಗ ಸಹೋದರಿಯರೇ, ಮಳೆ ಜೋರಾಗಿ ಸುರಿಯತೊಡಗಿದಾಗ ನೀವು ಏನು ಮಾಡುತ್ತೀರಿ? ಒಣಗಲು ಹಾಕಿದ ಬಟ್ಟೆಯನ್ನು ಒಳಗೆ ತರುತ್ತೀರಿ, ಕಿಟಕಿ ಮುಚ್ಚುತ್ತೀರಿ, ಶಾಲೆಗೆ ಹೋದ ಮಕ್ಕಳ ದಾರಿ ನೋಡುತ್ತೀರಿ. ನಾನೂ ಅಷ್ಟೇ ಮಾಡುತ್ತಿದ್ದೆ. ನಮ್ಮ ಮಾಡಿನಿಂದ ಬಿದ್ದ ನೀರು ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಕೊಡೆ ಹಿಡಿದು ಹೊರಗೆ ಹೋಗಿ ನೋಡಿದ್ದು ಮದುವೆಯಾಗಿ ಈ ಊರಿಗೆ ಬಂದ ಹದಿನೇಳನೆಯ ವರ್ಷದಲ್ಲಿ. ಅಷ್ಟರಲ್ಲಿ ಕಾಲ ಮೀರಿ ಹೋಗಿತ್ತು.

ನಮ್ಮ ಮನೆ ಇರುವುದು ಬಂಟ್ವಾಳ ತಾಲೂಕಿನ ಒಂದು ಹಳ್ಳಿಯಲ್ಲಿ, ಗುಡ್ಡದ ಇಳಿಜಾರಿನಲ್ಲಿ. ಮೇಲೆ ಪಂಚಾಯತ್ ರಸ್ತೆ, ಅದರ ಕೆಳಗೆ ನಾವು, ನಮ್ಮ ಕೆಳಗೆ ಎಡಬದಿಯಲ್ಲಿ ಇನ್ನೊಂದು ಮನೆ, ಎಲ್ಲಕ್ಕಿಂತ ಕೆಳಗೆ ಕೆರೆ. ದೊಡ್ಡ ಕೆರೆಯೇನಲ್ಲ. ಒಂದು ಬದಿಗೆ ಮುರಕಲ್ಲಿನ ಮೆಟ್ಟಿಲು, ಇನ್ನೊಂದು ಬದಿಗೆ ಮುಂಡೇವಿನ ಪೊದೆ. ನಮ್ಮ ಅತ್ತೆ ಸೊಸೆಯಾಗಿ ಬಂದ ಕಾಲದಲ್ಲಿ ಊರಿನ ಅರ್ಧ ಜನರ ಬಟ್ಟೆ ಒಗೆಯುವುದು ಅಲ್ಲಿಯೇ ಆಗುತ್ತಿತ್ತಂತೆ. ಮುಂಡೇವು ಎಂದರೆ ಕೇದಗೆಯ ಜಾತಿ. ಅದರ ಎಲೆಯ ಮುಳ್ಳು ಸೀಳಿ, ಒಣಗಿಸಿ ಅತ್ತೆ ಚಾಪೆ ಹೆಣೆಯುತ್ತಿದ್ದರು. ಆ ಚಾಪೆಗಳಲ್ಲಿ ಒಂದು ಈಗಲೂ ನಮ್ಮ ಅಟ್ಟದಲ್ಲಿದೆ.

ಹಿಂದೆ ನಮ್ಮದು ಹಂಚಿನ ಮನೆ. ಅಂಗಳದಿಂದ ಕೆರೆಯವರೆಗಿನ ಜಾಗವನ್ನು ಇವರ ಅಜ್ಜ ಮೂರು ತಟ್ಟು ಮಾಡಿದ್ದರು. ಒಂದೊಂದು ತಟ್ಟಿಗೂ ಸೊಂಟದೆತ್ತರದ ಗೋಡೆ, ಸಿಮೆಂಟಿಲ್ಲದೆ ಬರೀ ಮುರಕಲ್ಲನ್ನು ಒಂದರ ಮೇಲೊಂದು ಪೇರಿಸಿದ್ದು. ತಟ್ಟುಗಳಲ್ಲಿ ಎರಡು ಹಲಸು, ಒಂದು ಕಾಟು ಮಾವು, ಬಿದಿರಿನ ಹಿಂಡಿಲು, ಉಳಿದ ಕಡೆಯೆಲ್ಲ ಮುಳಿಹುಲ್ಲು. ನೋಡಲು ಕಾಡಿನಂತಿತ್ತು. ನನಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಹಾವಿನ ಭಯ ಒಂದು, ನೆಂಟರು ಬಂದಾಗ ಮನೆಯ ಹಿಂದೆ ಹೀಗೆ ಪೊದೆ ಬೆಳೆದಿರುವುದು ಅವಮಾನ ಎಂಬ ಭಾವನೆ ಇನ್ನೊಂದು.

2014ರಲ್ಲಿ ಹೊಸ ಮನೆ ಕಟ್ಟಿದೆವು. ಇವರು ಜುಬೈಲ್‌ನಲ್ಲಿ ದುಡಿದ ಹಣ, ಜೊತೆಗೆ ನನ್ನ ಒಂದಿಷ್ಟು ಚಿನ್ನ. ಇವರು ರಜೆಯಲ್ಲಿ ಬಂದದ್ದು ನಲವತ್ತು ದಿನ ಮಾತ್ರ, ಆದ್ದರಿಂದ ಕೆಲಸದ ಉಸ್ತುವಾರಿ ನನ್ನದೇ. ಜೆಸಿಬಿ ಬಂದು ಎರಡೇ ದಿನದಲ್ಲಿ ಮೂರು ತಟ್ಟನ್ನು ಒಂದು ಮಾಡಿತು. ಮರಗಳು ಹೋದವು, ಬಿದಿರು ಹೋಯಿತು. ಇಳಿಜಾರನ್ನು ಕಡಿದು, ಮಣ್ಣು ತುಂಬಿಸಿ, ಅಂಚಿನಲ್ಲಿ ಹತ್ತಡಿ ಎತ್ತರದ ತಡೆಗೋಡೆ ಕಟ್ಟಿಸಿದೆವು. ತುಂಬಿಸಿದ ಜಾಗಕ್ಕೆ ಇಂಟರ್‌ಲಾಕ್ ಹಾಸಿ, ಅಂಚಿಗೆ ಎರಡು ಸಿಮೆಂಟಿನ ಬೆಂಚು ಹಾಕಿಸಿದೆ. ಸಂಜೆ ಅಲ್ಲಿ ಕೂತರೆ ಕೆರೆ ಪೂರ್ತಿ ಕಾಣುತ್ತಿತ್ತು. ಬಂದವರೆಲ್ಲ ಹೊಗಳುವವರೇ. ಅತ್ತೆ ಮಾತ್ರ ಕಡಿದ ಹಲಸಿನ ಬುಡದ ಹತ್ತಿರ ಸ್ವಲ್ಪ ಹೊತ್ತು ನಿಂತು, ಏನೂ ಹೇಳದೆ ಒಳಗೆ ಹೋದರು.

ಒಂದು ವಿಷಯವನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು. ಮೇಸ್ತ್ರಿ ತಡೆಗೋಡೆಯಲ್ಲಿ ನಾಲ್ಕೈದು ಅಡಿಗೊಂದರಂತೆ ಪೈಪಿನ ತುಂಡು ಇಟ್ಟು ತೂತು ಬಿಟ್ಟಿದ್ದ. ಹಿಂದಿನ ಮಣ್ಣಿನ ನೀರು ಹೊರಗೆ ಬರಲು ಅದು ಬೇಕು ಎಂದಿದ್ದ. ಮೊದಲ ಮಳೆಗಾಲದಲ್ಲಿ ಆ ತೂತುಗಳಿಂದ ಕೆಂಪು ನೀರು ಇಳಿದು ಹೊಸ ಬಣ್ಣದ ಮೇಲೆ ಉದ್ದುದ್ದ ಗೆರೆ ಬಿತ್ತು, ಪಾಚಿ ಕಟ್ಟಿತು. ಮಗಳ ಮದರಸ ಪರೀಕ್ಷೆಯ ರಜೆಯಲ್ಲಿ ನೆಂಟರು ಬರುವವರಿದ್ದರು. ಬಣ್ಣದವನಿಗೆ ಹೇಳಿ ಎಲ್ಲ ತೂತುಗಳಿಗೂ ಸಿಮೆಂಟು ತುಂಬಿಸಿಬಿಟ್ಟೆ. ಮೇಸ್ತ್ರಿಗೆ ಹೇಳಲಿಲ್ಲ. ಇವರಿಗೂ ಹೇಳಲಿಲ್ಲ. ಹೇಳುವಷ್ಟು ದೊಡ್ಡ ವಿಷಯ ಅದು ಎಂದು ನನಗೆ ಅನಿಸಿಯೇ ಇರಲಿಲ್ಲ.

ಮಾಡಿನ ನೀರಿಗೆ ಎರಡು ಮೂಲೆಯಲ್ಲಿ ಪೈಪು ಇಳಿಸಿದ್ದೆವು. ಎಡಮೂಲೆಯ ಪೈಪಿನ ನೀರು ಗೋಡೆಯ ಮೇಲಿನಿಂದ ನೇರವಾಗಿ ಕೆಳಗೆ ಬೀಳುತ್ತಿತ್ತು. ಕೆಳಗೆ ಎಂದರೆ ಆ ಮನೆಯ ಅಕ್ಕನ ಬಚ್ಚಲು ಕೊಟ್ಟಿಗೆಯ ಬೆನ್ನಿಗೆ. ಅವರು ಒಮ್ಮೆ ಬಂದು, “ತಂಗಿ, ನಿಮ್ಮ ಮಾಡಿನ ನೀರು ನಮ್ಮ ಗೋಡೆಗೆ ಬೀಳುತ್ತದೆ, ಸ್ವಲ್ಪ ಆಚೆಗೆ ತಿರುಗಿಸಿಕೊಡಿ” ಎಂದರು. ಇವರು ಬಂದ ಮೇಲೆ ಮಾಡಿಸುತ್ತೇನೆ ಎಂದೆ. ಮರುವರ್ಷ ಮತ್ತೆ ಬಂದರು. ಆಗಲೂ ಅದೇ ಉತ್ತರ. ಮೂರನೆಯ ಸಲ ಅವರು ಬರಲಿಲ್ಲ. ನೆರೆಹೊರೆಯವರ ಹಕ್ಕಿನ ಬಗ್ಗೆ ಎಷ್ಟು ಉಪನ್ಯಾಸ ಕೇಳಿದ್ದೇನೆ, ಮಕ್ಕಳಿಗೆ ಎಷ್ಟು ಸಲ ಹೇಳಿಕೊಟ್ಟಿದ್ದೇನೆ! ಹಬ್ಬದ ದಿನ ಅವರ ಮನೆಗೆ ತುಪ್ಪದ ಅನ್ನ ಕಳುಹಿಸಿದರೆ ಆ ಹಕ್ಕು ಸಂದಿತು ಎಂದುಕೊಂಡಿದ್ದೆ. ಮಾಡಿನ ನೀರು ಆ ಲೆಕ್ಕಕ್ಕೆ ಬರುತ್ತದೆ ಎಂದು ಹೊಳೆದಿರಲಿಲ್ಲ.

2016ರ ಬೇಸಿಗೆ ನಿಮಗೆ ನೆನಪಿರಬಹುದು. ಮಂಗಳೂರು ನಗರವೇ ನೀರಿಲ್ಲದೆ ಕಂಗೆಟ್ಟಿತ್ತು. ನಮ್ಮ ಬಾವಿಯಲ್ಲೂ ತಳ ಕಂಡಿತು. ಎಲ್ಲಿ ನೋಡಿದರೂ ಇಂಗುಗುಂಡಿಯ ಮಾತು. ಶ್ರೀಪಡ್ರೆಯವರಂಥವರು ದಶಕಗಳಿಂದ ಬರೆದು ಬರೆದು ನಮ್ಮ ಕರಾವಳಿಯ ಜನರಲ್ಲಿ ಮಳೆನೀರಿನ ಎಚ್ಚರ ಮೂಡಿಸಿದ್ದಾರೆ, ಅದು ದೊಡ್ಡ ಉಪಕಾರ. ಆದರೆ ನನ್ನಂಥವರು ಅರ್ಧ ಓದಿ ಪೂರ್ತಿ ಉತ್ಸಾಹ ತೋರಿಸುತ್ತೇವೆ. ಮನೆಯ ಹಿಂದೆ ಖಾಲಿ ಇದ್ದ ಜಾಗ ಎಂದರೆ ತಡೆಗೋಡೆಯ ಅಂಚು. ಅಲ್ಲಿಯೇ ಗೋಡೆಯಿಂದ ಐದಾರು ಅಡಿ ಈಚೆಗೆ ಎರಡು ಗುಂಡಿ ತೋಡಿಸಿ, ಜಲ್ಲಿ ತುಂಬಿಸಿ, ಬಲಮೂಲೆಯ ಪೈಪಿನ ನೀರನ್ನೆಲ್ಲ ಅದಕ್ಕೆ ಬಿಟ್ಟೆ. ಎಷ್ಟು ಮಳೆ ಬಂದರೂ ಗುಂಡಿ ಕುಡಿಯುತ್ತಿತ್ತು. ಆ ನೀರು ಬಾವಿಗೆ ಹೋಗುತ್ತಿದೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ. ಬಾವಿ ಇರುವುದು ಮನೆಯ ಮುಂದೆ, ಗುಂಡಿಗಿಂತ ಎತ್ತರದಲ್ಲಿ. ನೀರು ಗುಡ್ಡ ಹತ್ತಿ ಬಾವಿಗೆ ಹೋಗುವುದು ಹೇಗೆ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

2018ರ ರಮಝಾನ್ ತಿಂಗಳು ಮಳೆಗಾಲದ ಆರಂಭಕ್ಕೇ ಬಂದಿತ್ತು. ಜೂನ್ ಎರಡನೆಯ ವಾರ, ಚಾರ್ಮಾಡಿ ಘಾಟಿಯಲ್ಲಿ ಮಣ್ಣು ಕುಸಿದು ವಾಹನಗಳೆಲ್ಲ ಸಿಕ್ಕಿಹಾಕಿಕೊಂಡ ಅದೇ ವಾರ. ಮೂರು ದಿನದಿಂದ ಬಿಡದೆ ಸುರಿಯುತ್ತಿತ್ತು. ಹಿಂದಿನ ದಿನ ಸಂಜೆ ಇಂಟರ್‌ಲಾಕ್ ಕಲ್ಲುಗಳ ನಡುವೆ ಗೋಡೆಗೆ ಸಮನಾಗಿ ಬೆರಳು ಹೋಗುವಷ್ಟು ಬಿರುಕು ಕಂಡಿದ್ದೆ. ಒಂದು ಬೆಂಚು ಸ್ವಲ್ಪ ಮುಂದಕ್ಕೆ ವಾಲಿತ್ತು. ಮಳೆ ಬಿಟ್ಟ ಮೇಲೆ ಸರಿ ಮಾಡಿಸಿದರಾಯಿತು ಎಂದುಕೊಂಡು ಇಫ್ತಾರಿನ ಕೆಲಸಕ್ಕೆ ಹೋದೆ.

ಸಹರಿಗೆ ಎದ್ದಿದ್ದೆವು. ಅತ್ತೆಗೆ ಗಂಜಿ ಬಡಿಸುತ್ತಿದ್ದಾಗ ಲಾರಿಯಿಂದ ಕಲ್ಲು ಇಳಿಸಿದಂಥ ಸದ್ದು. ಆಮೇಲೆ ಕರೆಂಟು ಹೋಯಿತು. ಟಾರ್ಚು ಹಿಡಿದು ಹಿಂದಿನ ಬಾಗಿಲು ತೆರೆದರೆ ಬೆಂಚು ಇರಲಿಲ್ಲ, ಅಂಗಳದ ಅರ್ಧ ಇರಲಿಲ್ಲ. ಕೆಳಗಿನಿಂದ ಅಕ್ಕನ ಕೂಗು ಕೇಳಿತು. ಏನು ಕೂಗಿದರು ಎಂದು ಈಗಲೂ ನನಗೆ ಗೊತ್ತಿಲ್ಲ. ಕಾಲು ಕುಸಿದು ಅಲ್ಲೇ ಕೂತೆ. ನನ್ನ ದೊಡ್ಡ ಮಗ ಮಳೆಯಲ್ಲೇ ರಸ್ತೆ ಸುತ್ತಿ ಅವರ ಮನೆಗೆ ಓಡಿದ.

ಅಲ್ಲಾಹನ ಅನುಗ್ರಹ, ಯಾರಿಗೂ ಏನೂ ಆಗಲಿಲ್ಲ. ಬಚ್ಚಲು ಕೊಟ್ಟಿಗೆ ಮಾತ್ರ ಮಣ್ಣಿನ ಕೆಳಗೆ ಹೋಗಿತ್ತು. ಬೆಳಗಾದ ಮೇಲೆ ನಾನು ಹೋದಾಗ ಅಕ್ಕ ತಾಮ್ರದ ಹಂಡೆಯನ್ನು ಹೊರಗೆ ಎಳೆದಿಟ್ಟಿದ್ದರು, ಅಪ್ಪಚ್ಚಿಯಾಗಿತ್ತು. ಅವರ ಮಗಳು ಕಾಲೇಜಿಗೆ ಹೋಗುವವಳು. ಪ್ರತಿದಿನ ಐದೂವರೆಗೆ ಎದ್ದು ಹಂಡೆಯ ಒಲೆಗೆ ಬೆಂಕಿ ಹಾಕುವುದು ಅವಳ ಕೆಲಸ. ಗೋಡೆ ಬಿದ್ದದ್ದು ನಾಲ್ಕೂಕಾಲರ ಹೊತ್ತಿಗೆ. ಅಕ್ಕ ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. “ಹೇಳಿದ್ದೆನಲ್ಲ ತಂಗಿ” ಎಂದಷ್ಟೇ ಹೇಳಿ ಚಹಾ ಮಾಡಲು ಎದ್ದರು, ಮತ್ತೆ ನನಗೆ ಉಪವಾಸ ಎಂದು ನೆನಪಾಗಿ ಕೂತರು.

ಕೆರೆಯ ಕಡೆ ನೋಡಿದೆ. ನಮ್ಮ ಅಂಗಳದ ಉಳಿದರ್ಧ ಅಲ್ಲಿತ್ತು. ನೀರು ಕಾವಿಯ ಬಣ್ಣಕ್ಕೆ ತಿರುಗಿ, ಕೆಳಗಿನ ನಾಲ್ಕು ಮೆಟ್ಟಿಲು ಕೆಸರಿನಲ್ಲಿ ಮುಳುಗಿತ್ತು.

ನನ್ನ ನಾದಿನಿಯ ಮಗ ಸಿವಿಲ್ ಇಂಜಿನಿಯರಿಂಗ್ ಓದಿ ಕಾಲೇಜಿನಲ್ಲಿ ಪಾಠ ಮಾಡುತ್ತಾನೆ. ಈದ್‌ನ ಮೂರನೆಯ ದಿನ ಬಂದ. ಗೋಡೆ ಬಿದ್ದ ಜಾಗದಲ್ಲಿ ಇಳಿದು, ಎರಡು ಹೆಂಟೆ ಮಣ್ಣು ಹಿಡಿದುಕೊಂಡು ಮೇಲೆ ಬಂದ. ಒಂದು ನಮಗೆಲ್ಲ ಪರಿಚಯದ ಮುರ ಮಣ್ಣು, ಕೆಂಪು, ಗಟ್ಟಿ. ಇನ್ನೊಂದು ಬಿಳಿಚಾಗಿ, ಅಲ್ಲಲ್ಲಿ ಗುಲಾಬಿ, ಹಳದಿ ಬಣ್ಣ. ಅದಕ್ಕೆ ನಮ್ಮ ಕಡೆ ಶೇಡಿ ಮಣ್ಣು ಎನ್ನುತ್ತಾರೆ. ಎರಡನ್ನೂ ಅಡುಗೆಮನೆಯ ಕಟ್ಟೆಯ ಮೇಲೆ ಒಣಗಲು ಬಿಟ್ಟ. ಮರುದಿನ ಶೇಡಿಯ ಹೆಂಟೆ ಕಲ್ಲಿನಂತಾಗಿತ್ತು, ಕೈಯಲ್ಲಿ ಒತ್ತಿದರೆ ಪುಡಿಯಾಗದು. “ಮಾಮಿ, ಎರಡು ಗಾಜಿನ ಲೋಟದಲ್ಲಿ ನೀರು ಕೊಡಿ” ಎಂದ. ಒಂದೊಂದರಲ್ಲಿ ಒಂದೊಂದು ಹೆಂಟೆ ಹಾಕಿದ. ಮುರದ ತುಂಡು ನಾಲ್ಕು ಗುಳ್ಳೆ ಬಿಟ್ಟು ಹಾಗೆಯೇ ಕೂತಿತು. ಶೇಡಿ ಸುತ್ತಲೂ ಉದುರತೊಡಗಿತು. ನಾವು ನೋಡುತ್ತಿದ್ದಂತೆಯೇ ಲೋಟದ ತಳದಲ್ಲಿ ಹಿಟ್ಟಿನ ರಾಶಿಯಾಯಿತು.

“ನಿಮ್ಮ ಮನೆ ನಿಂತಿರುವುದು ಇದರ ಮೇಲೆ” ಎಂದ.

ಅವನು ವಿವರಿಸಿದ್ದನ್ನು ನನಗೆ ತಿಳಿದಷ್ಟು ನಿಮಗೆ ಹೇಳುತ್ತೇನೆ. ನಮ್ಮ ಕರಾವಳಿಯ ಗುಡ್ಡಗಳಲ್ಲಿ ಅನೇಕ ಕಡೆ ಮೇಲೆ ಮುರಕಲ್ಲಿನ ಪದರ, ಅದರ ಕೆಳಗೆ ಶೇಡಿ. ಮುರಕಲ್ಲಿನಲ್ಲಿ ತೂತುಗಳು ಹೆಚ್ಚು, ನೀರು ಸರಾಗವಾಗಿ ಇಳಿಯುತ್ತದೆ. ಶೇಡಿ ಅಷ್ಟು ಬೇಗ ನೀರನ್ನು ಕೆಳಗೆ ಬಿಡುವುದಿಲ್ಲ, ಕುಡಿದು ಮೆತ್ತಗಾಗುತ್ತದೆ. ಒಣಗಿದಾಗ ಎಷ್ಟು ಗಟ್ಟಿಯೋ ನೆನೆದಾಗ ಅಷ್ಟೇ ದುರ್ಬಲ. ಗುಡ್ಡವನ್ನು ನೇರಕ್ಕೆ ಕಡಿದು ಶೇಡಿಯನ್ನು ಬಯಲಿಗೆ ತಂದರೆ, ಅದರ ಮೇಲೆ ನೀರು ಇಂಗಿಸಿದರೆ, ಮೇಲಿನ ಪದರ ಜಾರಲು ಎಣ್ಣೆ ಸವರಿದಂತೆ. ನನ್ನ ಎರಡು ಇಂಗುಗುಂಡಿಗಳು ಎರಡು ವರ್ಷ ಮಾಡಿದ್ದು ಇದನ್ನೇ.

ಗೋಡೆಯ ವಿಷಯ ಬೇರೆ. ತೂತು ಮುಚ್ಚಿದ ಗೋಡೆ ಎಂದರೆ ಒಂದು ಅಣೆಕಟ್ಟು. ಗೋಡೆಯ ಹಿಂದೆ ಹತ್ತಡಿ ನೀರು ತುಂಬಿ ನಿಂತರೆ ಬುಡದಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು ಮೂರು ಟನ್ ಒತ್ತಡ ಬೀಳುತ್ತದೆ, ಮಣ್ಣಿನ ಭಾರ ಬೇರೆ. ಮೇಸ್ತ್ರಿಯನ್ನು ಬೈಯಲು ಸಿದ್ಧಳಾಗಿ ಕೂತಿದ್ದ ನಾನು ಆಗ ಬಾಯಿ ಬಿಡಬೇಕಾಯಿತು. ತೂತು ಮುಚ್ಚಿಸಿದ್ದು ನಾನೇ ಎಂದೆ. ಇವರು ಜುಬೈಲ್‌ನಿಂದ ಫೋನಿನಲ್ಲಿದ್ದರು. ಆ ಕಡೆಯಿಂದ ತುಂಬಾ ಹೊತ್ತು ಮಾತಿರಲಿಲ್ಲ.

ಇನ್ನು ನೀರಿನ ಲೆಕ್ಕ. ಇದನ್ನು ನೀವೂ ನಿಮ್ಮ ಮನೆಗೆ ಮಾಡಿ ನೋಡಬಹುದು, ಐದನೆಯ ತರಗತಿಯ ಗಣಿತ ಸಾಕು. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಮಾಡು 1,400 ಚದರ ಅಡಿ, ಅಂದರೆ 130 ಚದರ ಮೀಟರ್. 100 ಮಿಲಿಮೀಟರ್ ಮಳೆ ಬಂದ ದಿನ ಮಾಡಿನಿಂದ ಇಳಿಯುವುದು 13 ಸಾವಿರ ಲೀಟರ್, ಸಾವಿರ ಲೀಟರಿನ ಹದಿಮೂರು ಟ್ಯಾಂಕು. ಹವಾಮಾನ ಇಲಾಖೆಯವರ ಲೆಕ್ಕದಲ್ಲಿ ಅತಿ ವಿಪರೀತ ಮಳೆ ಎಂದರೆ ಒಂದು ದಿನಕ್ಕೆ 204.4 ಮಿಲಿಮೀಟರಿಗಿಂತ ಹೆಚ್ಚು. ಆ ದಿನ ಇಪ್ಪತ್ತಾರು ಟ್ಯಾಂಕಿಗೂ ಮೇಲೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ, ಬಹುಪಾಲು ನಾಲ್ಕೇ ತಿಂಗಳಲ್ಲಿ. ಅಂಗಳದ ಇಂಟರ್‌ಲಾಕ್ ಮೇಲೆ ಬೀಳುವುದು ಬೇರೆ, ರಸ್ತೆಯಿಂದ ನಮ್ಮ ಗೇಟಿನೊಳಗೆ ಹರಿದು ಬರುವುದು ಬೇರೆ. ಹಿಂದೆ ಈ ನೀರು ಹುಲ್ಲಿನ ನಡುವೆ ನಿಧಾನವಾಗಿ, ನೂರು ದಾರಿಯಲ್ಲಿ ಕೆರೆಗೆ ಇಳಿಯುತ್ತಿತ್ತು. ನಾವು ಎಲ್ಲವನ್ನೂ ಕೂಡಿಸಿ ಎರಡು ಪೈಪಿನ ಬಾಯಿಗೆ ತಂದಿದ್ದೆವು.

ಆ ಮಳೆಗಾಲವಿಡೀ ಬರೆಯ ಮೇಲೆ ಟಾರ್ಪಾಲು ಹೊದಿಸಿಟ್ಟು ದಿನ ದೂಡಿದೆವು. ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದ ಸುದ್ದಿ ಬಂದಾಗ ಅತ್ತೆಯನ್ನೂ ಮಕ್ಕಳನ್ನೂ ನನ್ನ ತವರಿಗೆ ಕಳುಹಿಸಿದೆ. ಅಕ್ಕನ ಮನೆಯವರಿಗೂ ಹೇಳಿದೆವು. ಅವರು ಹಿಂದಿನ ಕೋಣೆ ಬಿಟ್ಟು ಮುಂದಿನ ಚಾವಡಿಯಲ್ಲಿ ಮಲಗಿದರು. ಬಚ್ಚಲು ಕೊಟ್ಟಿಗೆಯನ್ನು ಮೊದಲು ಕಟ್ಟಿಸಿಕೊಟ್ಟೆವು, ಬರೆಯಿಂದ ದೂರ, ಮನೆಯ ಮತ್ತೊಂದು ಬದಿಗೆ. ಹೊಸ ಹಂಡೆಗೆ ಅಕ್ಕ ಒಪ್ಪಲಿಲ್ಲ. ನಾನು ಬಲವಂತ ಮಾಡಿದ ಮೇಲೆ ಅಲ್ಯೂಮಿನಿಯಂ ಸಾಕು ಎಂದರು. ತಾಮ್ರದ್ದೇ ತಂದೆ. ಅದಕ್ಕಾಗಿ ಎರಡು ಬಳೆ ಮಾರಿದೆ ಎಂದು ಇವರಿಗೆ ಗೊತ್ತಾದದ್ದು ಈ ಲೇಖನ ಓದಿದ ಮೇಲೆಯೇ ಇರಬಹುದು.

ಡಿಸೆಂಬರಿನಲ್ಲಿ ಕೆಲಸ ಶುರುವಾಯಿತು. ಇನ್ನೊಂದು ಹತ್ತಡಿ ಗೋಡೆ ಬೇಡ ಎಂದು ಹುಡುಗ ಮೊದಲೇ ಹೇಳಿದ್ದ. ಅವನ ಮೇಲಿನವರೊಬ್ಬರು, ಮಣ್ಣಿನ ವಿಷಯದಲ್ಲಿ ಪರಿಣತರು, ಬಂದು ನೋಡಿ ಹೋದರು. ಮನೆಯ ಪಂಚಾಂಗಕ್ಕೆ ಅಪಾಯವಿಲ್ಲ, ಆದರೆ ಹಿಂದಿನ ಅಂಗಳ ಬಿಟ್ಟುಕೊಡಬೇಕು ಎಂದರು. ಇಳಿಜಾರನ್ನು ಮತ್ತೆ ಮೂರು ತಟ್ಟು ಮಾಡಿದೆವು. ಒಂದೊಂದು ಗೋಡೆ ಮೂರೂವರೆ ಅಡಿ, ಸ್ವಲ್ಪ ಹಿಂದಕ್ಕೆ ವಾಲಿಸಿ ಪೇರಿಸಿದ ಮುರಕಲ್ಲು, ಹಿಂದೆ ಒಂದಡಿ ದಪ್ಪಕ್ಕೆ ಜಲ್ಲಿ, ಬುಡದಲ್ಲಿ ತೂತಿರುವ ಪೈಪು. ಕೆಲಸ ಮುಗಿದ ದಿನ ಅತ್ತೆ ಬಂದು ನಿಂತು ನೋಡಿ, “ಇದು ಮೊದಲು ಇದ್ದದ್ದೇ ಅಲ್ಲವಾ?” ಎಂದರು. ಹೌದು, ಇದ್ದದ್ದೇ. ಕೆಡವಲು ಜೆಸಿಬಿಗೆ ಎರಡು ದಿನ, ಮತ್ತೆ ಕಟ್ಟಲು ನಾಲ್ಕು ಜನರಿಗೆ ಏಳು ವಾರ.

ನೀರಿಗೆ ಮೂರು ಏರ್ಪಾಡು. ರಸ್ತೆಯ ನೀರು ಗೇಟಿನೊಳಗೆ ಬಾರದಂತೆ ಮೇಲ್ಬದಿಯಲ್ಲಿ ಕಣಿ ತೋಡಿ, ಅದನ್ನು ಬಲಬದಿಯ ತೋಡಿಗೆ ಸೇರಿಸಿದೆವು. ಮಾಡಿನ ಎರಡೂ ಪೈಪನ್ನು ಒಂದು ಮಾಡಿ, ಬರೆಯ ಮೇಲೆ ಒಂದು ಹನಿಯೂ ಚೆಲ್ಲದಂತೆ ಮುಚ್ಚಿದ ಪೈಪಿನಲ್ಲೇ ಕೆಳಗಿನವರೆಗೆ ಇಳಿಸಿದೆವು. ಕೊನೆಯಲ್ಲಿ, ಕೆರೆಗೆ ಹದಿನೈದು ಅಡಿ ಇರುವಾಗ, ಕಾಡುಕಲ್ಲು ತುಂಬಿದ ಒಂದು ಹೊಂಡ. ಮೇಲಿನಿಂದ ರಭಸದಲ್ಲಿ ಬಂದ ನೀರು ಅಲ್ಲಿ ಕಲ್ಲಿಗೆ ಬಡಿದು ಸುಸ್ತಾಗಿ, ಕೆಸರನ್ನು ಅಲ್ಲಿಯೇ ಬಿಟ್ಟು, ಹೊಂಡ ತುಂಬಿದ ಮೇಲೆ ಹುಲ್ಲಿನ ಮೇಲೆ ಹರಡಿ ಕೆರೆಗೆ ಸೇರುತ್ತದೆ. ಇಂಗುಗುಂಡಿ ಬಿಟ್ಟಿಲ್ಲ. ಆದರೆ ಈಗ ಅದು ಮನೆಯ ಮುಂದೆ, ಸಮತಟ್ಟಿನಲ್ಲಿ, ಬರೆಯಿಂದ ಆದಷ್ಟು ದೂರದಲ್ಲಿದೆ. ಮುಂದಿನ ಸಿಟೌಟಿನ ಮಾಡಿನ ನೀರು ಮಾತ್ರ ಅದಕ್ಕೆ. ನೀರಿಂಗಿಸುವುದು ಒಳ್ಳೆಯ ಕೆಲಸವೇ. ಬರೆಯ ಅಂಚಿನಲ್ಲಿ ನಿಂತು ಆ ಕೆಲಸ ಮಾಡಬೇಡಿ ಎಂದಷ್ಟೇ ನನ್ನ ಕೋರಿಕೆ.

ಹಸಿರಿನ ಕೆಲಸ ನನ್ನ ಪಾಲಿಗೆ ಬಂತು. ಬರೆ ಹಿಡಿಯಲು ಲಾವಂಚದಷ್ಟು ಒಳ್ಳೆಯ ಹುಲ್ಲು ಇಲ್ಲ ಎನ್ನುತ್ತಾರೆ. ಅದರ ಬೇರು ಹರಡುವುದಿಲ್ಲ, ನೇರ ಕೆಳಕ್ಕೆ ಎರಡು ಮೂರು ಮೀಟರ್ ಇಳಿಯುತ್ತದೆ. ಒತ್ತಾಗಿ ನೆಟ್ಟರೆ ಮೇಲೆ ಒಂದು ಹಸಿರು ಗೋಡೆಯಾಗಿ ಹರಿಯುವ ನೀರನ್ನು ಸೋಸುತ್ತದೆ. ನಮ್ಮದೇ ರಾಜ್ಯದ ಗುಂಡ್ಲುಪೇಟೆ ಕಡೆಯ ರೈತರು ಹೊಲದ ಗಡಿಗೆ ಇದನ್ನು ನೆಡುವುದು ತಲೆಮಾರುಗಳ ರೂಢಿ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಕೃಷಿ ತಜ್ಞರು ಮಣ್ಣಿನ ಸವಕಳಿ ತಡೆಗೆ ಲಾವಂಚವನ್ನು ಹಲವು ದೇಶಗಳಿಗೆ ಪರಿಚಯಿಸಲು ಹೊರಟಾಗ ಆ ರೈತರ ಬದುಗಳನ್ನೂ ಉದಾಹರಣೆಯಾಗಿ ತೋರಿಸಿದ್ದರು.

ಓದಲು ಸುಲಭ, ಮಾಡಲು ಅಷ್ಟಲ್ಲ. ಸಾಲು ಸಮಪಾತಳಿಯಲ್ಲಿ ಇರಬೇಕು, ಒಂದು ಕಡೆ ತಗ್ಗಿದರೆ ನೀರೆಲ್ಲ ಅಲ್ಲಿಗೇ ನುಗ್ಗುತ್ತದೆ. ಅದಕ್ಕೆ ಮೂರು ಅಡಕೆ ಸಲಾಕೆ ಕಟ್ಟಿ ಏಣಿಯ ಕಾಲಿನಂಥ ಒಂದು ಚೌಕಟ್ಟು ಮಾಡಿ, ನಡುವೆ ದಾರಕ್ಕೆ ಕಲ್ಲು ನೇತುಹಾಕಿ, ದಾರ ಮಧ್ಯದ ಗುರುತಿಗೆ ಬರುವ ಕಡೆಯೆಲ್ಲ ಗೂಟ ಹೊಡೆಯುತ್ತಾ ಹೋದೆವು. ನನ್ನ ಮಗಳಿಗೆ ಅದೊಂದು ಆಟ. ಗೂಟದ ಸಾಲಿನಲ್ಲಿ ಒಂದು ಗೇಣಿಗಿಂತ ಕಡಿಮೆ ಅಂತರಕ್ಕೆ ಒಂದೊಂದು ಕಂತೆ. ಮೊದಲ ವರ್ಷ ಸಸಿ ಸಿಗಲು ತಡವಾಗಿ ಜುಲೈಯಲ್ಲಿ ನೆಟ್ಟೆ. ಬೇರು ಹಿಡಿಯುವ ಮೊದಲೇ ಅರ್ಧ ಕೊಚ್ಚಿಹೋಯಿತು. ಮರುವರ್ಷ ಮೊದಲ ಮಳೆಗೇ ನೆಟ್ಟು, ನಡುವಿನ ಬರಿಯ ಮಣ್ಣಿಗೆ ಹೆಣೆದ ಮಡಲು ಹಾಸಿ, ಬಿದಿರಿನ ಗೂಟ ಹೊಡೆದೆ. ಪೇಟೆಯಲ್ಲಿ ತೆಂಗಿನ ನಾರಿನ ಬಲೆ ಸಿಗುತ್ತದೆ, ಅದು ಇನ್ನೂ ಒಳ್ಳೆಯದು. ನಮ್ಮಲ್ಲಿ ಮಡಲು ಬಿಟ್ಟಿ ಇತ್ತು, ಹೆಣೆಯಲು ಅತ್ತೆಯೂ ಅಕ್ಕನೂ ಇದ್ದರು. ಇಬ್ಬರೂ ಜಗಲಿಯಲ್ಲಿ ಕೂತು ಹಳೆಯ ಕಾಲದ ಮಾತಾಡುತ್ತಾ ಮೂರು ದಿನದಲ್ಲಿ ನಲವತ್ತು ತಟ್ಟಿ ಹೆಣೆದರು.

ಲಾವಂಚಕ್ಕೆ ಬಿಸಿಲು ಬೇಕು. ಅಕ್ಕನ ಮಾವಿನ ಮರದ ನೆರಳು ಬೀಳುವ ಮೂಲೆಯಲ್ಲಿ ಎರಡು ಸಲ ನೆಟ್ಟರೂ ಬದುಕಲಿಲ್ಲ. ಅಲ್ಲಿ ಈಗ ಜರಿಗಿಡವೂ ಅರಸಿನವೂ ಬೆಳೆದಿವೆ. ಮೂರನೆಯ ವರ್ಷ ಹುಲ್ಲು ಎದೆಯೆತ್ತರ ಬಂದಾಗ ಅತ್ತೆಗೆ ಆಸೆ. ಒಂದು ಬುಡ ಅಗೆದು ಬೇರು ತೊಳೆದು ಕುಡಿಯುವ ನೀರಿನ ಮಣ್ಣಿನ ಮಡಕೆಗೆ ಹಾಕೋಣ, ಎಷ್ಟು ಪರಿಮಳ ಗೊತ್ತಾ ಎಂದರು. ಬರೆಯ ಬೇರಿಗೆ ಕೈ ಹಾಕುವ ಹಾಗಿಲ್ಲ ಎಂದು ಅವರಿಗೆ ಒಪ್ಪಿಸುವಷ್ಟರಲ್ಲಿ ಸಾಕಾಯಿತು. ಕೊನೆಗೆ ಅವರಿಗಾಗಿಯೇ ಬಾವಿಯ ಹತ್ತಿರ ಚೀಲದಲ್ಲಿ ಎರಡು ಬುಡ ನೆಟ್ಟೆ.

ಕೆರೆಯ ಅಂಚಿನ ಹತ್ತಡಿ ಜಾಗವನ್ನು ನಾವು ಮುಟ್ಟುವುದಿಲ್ಲ. ಮುಂಡೇವು, ಜೊಂಡು, ಹೆಸರು ಗೊತ್ತಿಲ್ಲದ ಹುಲ್ಲು, ಏನು ಬಂದರೂ ಬರಲಿ. ಹಾವು ಇದೆಯೇ ಎಂದು ನೀವು ಕೇಳಬಹುದು. ಇದೆ. ನೀರಾವು. ನಾನೂ ಅದೂ ಒಬ್ಬರನ್ನೊಬ್ಬರು ನೋಡದವರಂತೆ ಇರುತ್ತೇವೆ.

ಇದನ್ನೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆ ಎಂದರೆ, 2024ರ ಜೂನ್‌ನಲ್ಲಿ ಉಳ್ಳಾಲದ ಬಳಿಯ ಮದನಿ ನಗರದಲ್ಲಿ ಮಳೆಗೆ ಪಕ್ಕದ ಮನೆಯ ಆವರಣ ಗೋಡೆ ಕುಸಿದು, ಮಲಗಿದ್ದ ತಂದೆ, ತಾಯಿ, ಇಬ್ಬರು ಹೆಣ್ಣುಮಕ್ಕಳು, ನಾಲ್ವರೂ ತೀರಿಕೊಂಡರು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. 2025ರ ಮೇ ಕೊನೆಯಲ್ಲಿ ಅದೇ ಉಳ್ಳಾಲ ತಾಲೂಕಿನ ಮೊಂಟೆಪದವಿನಲ್ಲಿ ಮನೆಯ ಮೇಲೆ ಗುಡ್ಡ ಜರಿದು ಮಕ್ಕಳು ಹೋದರು. ಎರಡೂ ಸಲ ನನ್ನ ಕಣ್ಣ ಮುಂದೆ ಬಂದದ್ದು ಆ ಅಪ್ಪಚ್ಚಿಯಾದ ಹಂಡೆ. ನಮಗೂ ಅವರಿಗೂ ಇದ್ದ ವ್ಯತ್ಯಾಸ ಒಂದೂಕಾಲು ಗಂಟೆ ಮಾತ್ರ.

ಆದ್ದರಿಂದ ಬರೆಯ ಮೇಲೋ ಕೆಳಗೋ ಮನೆ ಇರುವ ಸಹೋದರಿಯರಲ್ಲಿ ಒಂದು ಮಾತು. ಗಂಡಸರು ಊರಲ್ಲಿಲ್ಲ, ಇದು ನಮಗೆ ತಿಳಿಯುವ ಕೆಲಸವಲ್ಲ ಎಂದು ಕೂರಬೇಡಿ. ಇಡೀ ದಿನ ಮನೆಯ ಸುತ್ತ ಓಡಾಡುವವರು ನಾವೇ. ಬರೆಯ ಅಂಚಿಗೆ ಸಮನಾಗಿ ನೆಲದಲ್ಲಿ ಬಿರುಕು, ನೆಟ್ಟಗಿದ್ದ ಕಂಬವೋ ಮರವೋ ವಾಲುವುದು, ಸರಿಯಾಗಿ ಮುಚ್ಚುತ್ತಿದ್ದ ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾಗುವುದು, ಗೋಡೆಯ ಹೊಟ್ಟೆ ಉಬ್ಬುವುದು, ಬುಡದಲ್ಲಿ ಹಿಂದೆ ಇಲ್ಲದ ಕಡೆ ಕೆಸರು ನೀರು ಜಿನುಗುವುದು, ಇವು ಮೊದಲು ಬೀಳುವುದು ನಮ್ಮ ಕಣ್ಣಿಗೆ. ಬಿದ್ದರೆ ಮಳೆ ಬಿಡಲಿ ಎಂದು ಕಾಯದೆ ಆ ರಾತ್ರಿಯೇ ಬೇರೆ ಕಡೆ ಮಲಗಿ. ಕೆಳಗಿನ ಮನೆಯವರನ್ನೂ ಎಬ್ಬಿಸಿ. ಪಂಚಾಯತ್‌ಗೆ ತಿಳಿಸಿ. ಮರುದಿನ ಏನೂ ಆಗದೆ ಎಲ್ಲರೂ ನಕ್ಕರೆ ನಗಲಿ.

ನಮ್ಮ ಕೆರೆ ಪೂರ್ತಿ ತಿಳಿಯಾಯಿತು ಎಂದು ನಾನು ಸುಳ್ಳು ಹೇಳಲಾರೆ. ಎದುರು ದಡದಲ್ಲಿ ಹೊಸ ಮನೆಗಳ ಕೆಲಸ ನಡೆಯುತ್ತಿದೆ, ಮಳೆಗಾಲದಲ್ಲಿ ಆ ಕಡೆಯಿಂದ ಈಗಲೂ ಕೆಂಪು ನೀರು ಬರುತ್ತದೆ. ನಮ್ಮ ಪಾಲಿನ ಹೊಂಡದಿಂದ ಮಾತ್ರ ಮೊದಲ ವರ್ಷ ಹನ್ನೆರಡು ಬುಟ್ಟಿ ಕೆಸರು ತೆಗೆದಿದ್ದೆವು, ಕಳೆದ ಮಳೆಗಾಲದಲ್ಲಿ ನಾಲ್ಕೂವರೆ. ಆ ಮಣ್ಣು ಅಕ್ಕನ ಮಲ್ಲಿಗೆ ಬುಡಕ್ಕೆ ಹೋಗುತ್ತದೆ, ಅದು ನಮ್ಮ ಒಪ್ಪಂದ.

ಕಳೆದ ಮಳೆಗಾಲದಲ್ಲಿ ಒಂದು ಬೆಳಗ್ಗೆ ಸುಬ್‌ಹಿ ನಮಾಝ್ ಮುಗಿಸಿ ಖುರ್‌ಆನ್ ತೆರೆದಿದ್ದೆ, ಕೆಳಗಿನಿಂದ ಅಕ್ಕ ಕೂಗಿದರು. ಎದೆ ಧಸಕ್ಕೆಂದಿತು. ಓಡಿ ಹೋಗಿ ನೋಡಿದರೆ ಕೊಡೆ ಹಿಡಿದು ನಡು ತಟ್ಟಿನ ಗೋಡೆಯ ಹತ್ತಿರ ನಿಂತಿದ್ದಾರೆ. “ಎಡಗಡೆಯ ಮೂರನೆಯ ಪೈಪಿನಲ್ಲಿ ನೀರು ಬರುವುದಿಲ್ಲ ತಂಗಿ, ಎಲೆ ಕಟ್ಟಿರಬೇಕು” ಎಂದರು. ನಾನು ಬಿದಿರಿನ ಕೋಲು ತಂದೆ. ಚುಚ್ಚಿ ಎಳೆದಾಗ ಒಂದು ಹಿಡಿ ಕೊಳೆತ ಎಲೆ ಬಂತು, ಹಿಂದೆಯೇ ನೀರು ಬಂತು. ಮೊದಲು ಕೆಂಪಗೆ, ಸ್ವಲ್ಪ ಹೊತ್ತಿನ ಮೇಲೆ ತಿಳಿಯಾಗಿ. ತಿಳಿಯಾಗುವವರೆಗೂ ಇಬ್ಬರೂ ಅಲ್ಲೇ ನಿಂತಿದ್ದೆವು.